ಡ್ರಿಲ್ ಇಲ್ಲದೆ ಹುಳುಕು ನಿಲ್ಲಿಸುವ ಹನಿ

ಮಕ್ಕಳ ಹಾಲುಹಲ್ಲಿನ ಹುಳುಕಿಗೆ 38% ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ ಬಲವಾದ ಅಸ್ತ್ರ. ಬೆಳ್ಳಿ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನ್ಯೂಯಾರ್ಕ್ ಶಾಲೆಗಳ ಕ್ಯಾರೀಡ್‌ಅವೇ ಅಧ್ಯಯನದಲ್ಲಿ ಇದು ಹಲ್ಲಿನ ಸೀಳುಗಳನ್ನು ಮುಚ್ಚುವ ಲೇಪವಾದ ಸೀಲೆಂಟ್‌ಗೆ ಸರಿಸಮವಾಗಿ ನಿಂತಿತು.

ದಂತವೈದ್ಯರು ಮೊದಲು ಗುಳಿಯಲ್ಲಿ ಸಿಕ್ಕ ಆಹಾರ ತೆಗೆದು, ತುಟಿಗೆ ವ್ಯಾಸಲೀನ್ ಸವರಿ, ಹತ್ತಿಯುಂಡೆ ಇಟ್ಟು ಹಲ್ಲನ್ನು ಒಣಗಿಸುತ್ತಾರೆ. ಒಂದೇ ಹನಿ ಸುಮಾರು ಐದು ಹಲ್ಲಿಗೆ ಸಾಕು. ಪುಟ್ಟ ಬ್ರಷ್‌ನಿಂದ ಹಚ್ಚಿ ಒಂದು ನಿಮಿಷ ಬಿಟ್ಟು, ಹೆಚ್ಚಾದದ್ದನ್ನು ಒರೆಸುತ್ತಾರೆ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಒಂದೇ ಸಲಕ್ಕೆ ಬಿಟ್ಟರೆ ಫಲ ಕಡಿಮೆ. ಎಂಜಲು ತಾಗಿದರೆ ಔಷಧ ತೆಳುವಾಗುತ್ತದೆ.

ಹುಳುಕಿದ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಇದನ್ನು ಪೋಷಕರಿಗೆ ಮೊದಲೇ ಹೇಳದ ವೈದ್ಯರ ಬಗ್ಗೆ ನಮಗೆ ತಕರಾರಿದೆ. ಚರ್ಮದ ಕಲೆ ಕೆಲ ದಿನಗಳಲ್ಲಿ ಹೋಗುತ್ತದೆ, ಅಂಗಿಯದು ಹೋಗದು! ಬೆಳ್ಳಿಯ ಅಲರ್ಜಿ ಇದ್ದವರಿಗೆ ಇದು ಬೇಡ. ರಾತ್ರಿ ತಾನಾಗಿಯೇ ನೋವು ಬರುತ್ತಿದ್ದರೆ, ಒಸಡಿನಲ್ಲಿ ಕೀವುಗುಳ್ಳೆ ಎದ್ದಿದ್ದರೆ ಹುಳುಕು ನರದವರೆಗೆ ಇಳಿದಿರುತ್ತದೆ. ಆಗ ಬೇರು ಚಿಕಿತ್ಸೆ ಅಥವಾ ಹಲ್ಲು ಕೀಳುವುದೇ ದಾರಿ.