ಮಳೆಯಲ್ಲಿ ಎದ್ದುಬಂದ ಗೆರೆ

ಆ ರಾತ್ರಿ ಲ್ಯಾಂಡಿಂಗ್ ಚೆನ್ನಾಗಿಯೇ ಆಯಿತು. ಜುಲೈ ತಿಂಗಳ ಮಳೆ, ಅಡ್ಡಗಾಳಿ, ಒದ್ದೆ ರನ್‌ವೇ. ಇಷ್ಟೆಲ್ಲ ಇದ್ದರೂ ಕ್ಯಾಪ್ಟನ್ ಹದವಾಗಿ ಇಳಿಸಿದರು, ನಾನು ಪಕ್ಕದ ಸೀಟಿನ ಸಹಪೈಲಟ್. ತಾಪತ್ರಯ ಶುರುವಾದದ್ದು ನೆಲ ಮುಟ್ಟಿದ ಮೇಲೆ. ಊರಿನ ಹೆಸರು ಹೇಳುವುದಿಲ್ಲ. ಉತ್ತರದ ಕಡೆಯ ಒಂದು ದೊಡ್ಡ ನಿಲ್ದಾಣ ಅಂದುಕೊಳ್ಳಿ. ಅಕ್ಕಪಕ್ಕ ಎರಡು ರನ್‌ವೇ, ನಡುವೆ ಟ್ಯಾಕ್ಸಿವೇಗಳ, ಅಂದರೆ ವಿಮಾನ ನೆಲದ ಮೇಲೆ ಓಡಾಡುವ ದಾರಿಗಳ ಬಲೆ, ಅದರ ಮೇಲೆ ಯಾವತ್ತೂ ಮುಗಿಯದ ಕಾಮಗಾರಿ.

ಪೈಲಟ್‌ಗೆ ದಾರಿ ಹುಡುಕುವ ಕಷ್ಟವಿರುವುದು ಆಕಾಶದಲ್ಲಿ ಅಂತ ಎಲ್ಲರೂ ತಿಳಿದಿದ್ದಾರೆ. ನನ್ನ ಅನುಭವ ತಿರುಗಾಮುರುಗಾ. ಮೇಲೆ ಹಾರುವಾಗ ನಾವೆಲ್ಲಿದ್ದೇವೆ ಅಂತ ಹೇಳಲು ಹತ್ತು ಯಂತ್ರಗಳಿವೆ. ಕೆಳಗಿಳಿದ ಮೇಲೆ ನಂಬಬೇಕಾದದ್ದು ಮುಖ್ಯವಾಗಿ ಬಣ್ಣ, ದೀಪ, ಬೋರ್ಡು, ಮತ್ತೆ ನಮ್ಮ ಕಣ್ಣು. ಜಕ್ಕೂರಿನಲ್ಲಿ ಸೆಸ್ನಾ ಕಲಿಯುವಾಗ ಇದು ಗೊತ್ತಾಗಿರಲಿಲ್ಲ. ಅಲ್ಲಿರುವುದು ಒಂದೇ ರನ್‌ವೇ, ದಾರಿ ತಪ್ಪಬೇಕೆಂದರೂ ತಪ್ಪಲಾಗದು.

ನಿಯಮಗಳೇನೋ ಸರಳ. ರನ್‌ವೇ ಮೇಲಿನ ಗೆರೆ ಬಿಳಿ, ಟ್ಯಾಕ್ಸಿವೇ ಮೇಲಿನದು ಹಳದಿ. ಕಪ್ಪು ಬೋರ್ಡಿನಲ್ಲಿ ಹಳದಿ ಅಕ್ಷರ ಇದ್ದರೆ ನಾವು ನಿಂತಿರುವ ಜಾಗ. ಹಳದಿ ಬೋರ್ಡಿನಲ್ಲಿ ಕಪ್ಪು ಅಕ್ಷರ, ಪಕ್ಕದಲ್ಲಿ ಬಾಣ ಇದ್ದರೆ ಮುಂದೆ ಸಿಗುವ ದಾರಿ. ಕೆಂಪು ಬೋರ್ಡಿನಲ್ಲಿ ಬಿಳಿ ಅಂಕಿ ಕಂಡರೆ ಅಪ್ಪಣೆ ಇಲ್ಲದೆ ಮುಂದೆ ಹೋಗುವಂತಿಲ್ಲ. ಟ್ಯಾಕ್ಸಿವೇಗಳಿಗೆ ಇಂಗ್ಲಿಷಿನ ಐ, ಓ, ಎಕ್ಸ್ ಅಕ್ಷರಗಳನ್ನು ಇಡುವುದಿಲ್ಲ. ಮೊದಲೆರಡು 1 ಮತ್ತು 0 ಥರ ಕಾಣುತ್ತವೆ, ಎಕ್ಸ್ ಅಂದರೆ ಮುಚ್ಚಿದ ದಾರಿ. ಇಷ್ಟೆಲ್ಲ ಯೋಚಿಸಿ ಮಾಡಿದ್ದಾರೆ. ಆದರೆ ಬಣ್ಣ ಬಳಿದ ಮೇಲೆ ಮಳೆ ಏನು ಮಾಡುತ್ತದೆ ಅನ್ನುವುದು ಪುಸ್ತಕ ಓದಿದರೆ ಅರ್ಥವಾಗುವುದಿಲ್ಲ.

ರನ್‌ವೇ ಬಿಟ್ಟು ಹೊರಬಂದಾಗ ನೆಲದ ಮೇಲಿನ ಓಡಾಟ ನೋಡಿಕೊಳ್ಳುವ ಗ್ರೌಂಡ್ ಕಂಟ್ರೋಲ್ ಕೊಟ್ಟ ದಾರಿ ಇಷ್ಟೇ: ಬ್ರಾವೊ (ರೇಡಿಯೋದಲ್ಲಿ ‘ಬಿ’ ಟ್ಯಾಕ್ಸಿವೇಗೆ ಹೇಳುವ ಹೆಸರು) ಮೇಲೆ ನೇರ ಹೋಗಿ, ಕೊನೆಯಲ್ಲಿ ಸುತ್ತಿಕೊಂಡು ಬನ್ನಿ. ನಾನು ಅದನ್ನೇ ತಿರುಗಿ ಹೇಳಿದೆ. ನಮ್ಮ ಎಡಕ್ಕೆ ಇನ್ನೊಂದು ರನ್‌ವೇ, ಅಲ್ಲಿ ವಿಮಾನಗಳು ಏರುತ್ತ ಇಳಿಯುತ್ತ ಇದ್ದವು. ಬ್ರಾವೊದ ಒಂದಷ್ಟು ಉದ್ದಕ್ಕೆ ನಡುಗೆರೆಯ ಹಸಿರು ದೀಪ ಉರಿಯುವುದಿಲ್ಲ ಎಂದು ಮೊದಲೇ ಸೂಚನೆ ಬಂದಿತ್ತು. ಹೊರಡುವ ಮುಂಚೆ ಇಬ್ಬರೂ ಓದಿ ಮಾತಾಡಿಕೊಂಡಿದ್ದೆವು ಕೂಡ.

ನಮ್ಮ ಎ320 ವಿಮಾನದಲ್ಲಿ ನಾವು ಕೂರುವುದು ಮುಂದಿನ ಚಕ್ರಕ್ಕಿಂತ ಎಷ್ಟೋ ಮುಂದೆ. ಚಕ್ರ ನಮ್ಮ ಬೆನ್ನ ಹಿಂದಿರುತ್ತದೆ, ಮೂಗಿನ ಕೆಳಗಿನ ನೆಲ ಕಾಣುವುದೇ ಇಲ್ಲ. ಹಾಗಾಗಿ ದೂರದ ಗೆರೆ ನೋಡಿಕೊಂಡೇ ತಿರುಗಿಸಬೇಕು. ಕ್ಯಾಪ್ಟನ್ ಎಡಗೈಯಲ್ಲಿ ಮುಂದಿನ ಚಕ್ರ ತಿರುಗಿಸುವ ಟಿಲ್ಲರ್ ಹಿಡಿದು ನಡೆಸುತ್ತಿದ್ದರು. ನಾನು ಇಳಿಯುವಾಗ ರೆಕ್ಕೆಯಿಂದ ಕೆಳಗೆ ಬಿಟ್ಟಿದ್ದ ಫ್ಲಾಪ್ ಮೇಲಕ್ಕೆ ತೆಗೆದು, ಇಳಿದ ಮೇಲಿನ ಕೆಲಸಗಳನ್ನು ಒಂದೊಂದಾಗಿ ಮುಗಿಸುತ್ತ ತಲೆ ತಗ್ಗಿಸಿದ್ದೆ. ಹತ್ತು ಸೆಕೆಂಡ್ ಇರಬಹುದು. ತಲೆ ಎತ್ತಿದಾಗ ವಿಮಾನ ಮೆಲ್ಲಗೆ ಎಡಕ್ಕೆ ಹೊರಳುತ್ತಿತ್ತು.

ಎಡಕ್ಕೆ ಯಾಕೆ ಅಂತ ಆ ಕ್ಷಣ ನನಗೂ ಅನ್ನಿಸಲಿಲ್ಲ. ಯಾಕೆಂದರೆ ಗೆರೆ ಎಡಕ್ಕೇ ಹೋಗಿತ್ತು. ನಮ್ಮ ಬೆಳಕು ಬಿದ್ದಲ್ಲಿ ಒಂದು ಬಾಗಿದ ಪಟ್ಟಿ ಬೆಳ್ಳಿಯ ಡಾಬಿನ ಹಾಗೆ ಫಳಫಳ ಹೊಳೆಯುತ್ತಿತ್ತು, ನೇರಕ್ಕೆ ನೋಡಿದರೆ ನೀರು, ಕತ್ತಲೆ, ಕಾಮಗಾರಿಯ ಬ್ಯಾರಿಕೇಡುಗಳ ಮೇಲೆ ಮಿಣುಕು ದೀಪ. ಆಮೇಲೆ ವೈಪರ್ ಒಮ್ಮೆ ಸರಿದಾಗ ಬಲಗಡೆ ಒಂದು ಕಪ್ಪು ಬೋರ್ಡು ಕಂಡಿತು. ಅದರಲ್ಲಿ ‘ಬಿ’ ಇರಬೇಕಿತ್ತು, ಇದ್ದದ್ದು ‘ಕೆ’, ಅಂದರೆ ಕೀಲೋ. ಅದರ ಮುಂದೆ ನೆಲದ ಮೇಲೆ ಅಡ್ಡಲಾಗಿ ನಾಲ್ಕು ಹಳದಿ ಗೆರೆ. ನಮ್ಮ ಕಡೆಗೆ ಎರಡು ಇಡಿ ಗೆರೆ, ಆಚೆ ಕಡೆಗೆ ಎರಡು ತುಂಡು ಗೆರೆ. ಇಡಿ ಗೆರೆ ನಿನ್ನ ಕಡೆ ಇದ್ದರೆ ನಿಲ್ಲು ಅನ್ನುವುದು ಮೊದಲ ವಾರ ಕಲಿಸುವ ಪಾಠ.

ಆಗ ಹೇಳಬೇಕಾದ ಮಾತು ಇಂಗ್ಲಿಷಿನ ಒಂದೇ ಪದ, ‘ಸ್ಟಾಪ್’. ಸಿಮ್ಯುಲೇಟರಿನಲ್ಲಿ ಅದನ್ನೇ ರೂಢಿ ಮಾಡಿಸಿರುತ್ತಾರೆ. ನನ್ನ ಬಾಯಿಂದ ಬಂದದ್ದು ಮಾತ್ರ, “ಹೋಲ್ಡಾನ್! ಹೋಲ್ಡಾನ್!”

ನಮ್ಮಪ್ಪ ಅರಸೀಕೆರೆ ಕಡೆ ಬಸ್ ಡ್ರೈವರ್ ಆಗಿದ್ದವರು. ಬೇಸಿಗೆ ರಜೆಯಲ್ಲಿ ಅವರ ಬಸ್ಸಿನ ಬಾನೆಟ್ ಪಕ್ಕ ಕೂತು ತಿರುಗಿದ್ದೇ ನನ್ನ ಬಾಲ್ಯ. ಕಂಡಕ್ಟರ್ ಹೋಲ್ಡಾನ್ ಅಂದರೆ ಯಾಕೆ ಏನು ಕೇಳದೆ ಬ್ರೇಕ್ ಒತ್ತಬೇಕು, ಕೇಳುವುದು ಆಮೇಲೆ. ಆ ಪದ ಎಲ್ಲಿ ಅಡಗಿ ಕೂತಿತ್ತೋ. ಅದೃಷ್ಟಕ್ಕೆ ಕ್ಯಾಪ್ಟನ್ ಧಾರವಾಡದವರು. ಅವರ ಕಾಲಿಗೂ ಆ ಪದ ಗೊತ್ತಿತ್ತು. ವಿಮಾನ ತಟಕ್ಕನೆ ಮುಗ್ಗರಿಸಿ ನಿಂತಿತು. ಗೆರೆಗೂ ನಮಗೂ ನಡುವೆ ಒಂದು ಬಸ್ ಹಿಡಿಸುವಷ್ಟು ಜಾಗ ಉಳಿದಿತ್ತು.

“ಎಲ್ಲಿ ಅದೀವೋ ತಮ್ಮಾ?” ಅಂದರು.

“ಕೀಲೋ ಮೇಲೆ ಇದೀವಿ ಸರ್. ಬ್ರಾವೊ ಬಿಟ್ಟುಬಿಟ್ವಿ.”

ಅವರು ಪಾರ್ಕಿಂಗ್ ಬ್ರೇಕ್ ಹಾಕಿದರು. ಮುಂದೆ ಸರಿದು ಗಾಜಿನಾಚೆ ಸುಮ್ಮನೆ ನೋಡಿದರು. “ಅಳಿಸಿದ ಗೆರಿ ಹಿಡ್ಕೊಂಡು ಬಂದೀನಿ ನಾ” ಅಂದರು, ಯಾರನ್ನೂ ಬೈಯದೆ, ಲೆಕ್ಕ ತಪ್ಪಿದ್ದನ್ನು ಹೇಳುವ ಹಾಗೆ. ನಂತರ ನನಗೆ, “ಗ್ರೌಂಡ್‌ಗೆ ಇದ್ದದ್ದು ಇದ್ದಂಗ ಹೇಳು.”

ಹೇಳಿದೆ. ದಾರಿ ತಪ್ಪಿದ್ದೇವೆ, ಕೀಲೋ ಮೇಲೆ ಹೋಲ್ಡಿಂಗ್ ಗೆರೆಗೆ ಮುಂಚೆ ನಿಂತಿದ್ದೇವೆ, ಮುಂದಕ್ಕೆ ಕರೆದೊಯ್ಯಲು ಜೀಪ್ ಬೇಕು. ಕಂಟ್ರೋಲರ್ ಒಂದು ಕ್ಷಣ ಸುಮ್ಮನಿದ್ದು, ಅಲ್ಲೇ ಇರಿ ಅಂದರು. ಇಪ್ಪತ್ತು ಸೆಕೆಂಡ್ ಕಳೆದಿರಬಹುದು, ನಮ್ಮೆದುರಿನ ರನ್‌ವೇ ಮೇಲೆ ಒಂದು ವಿಮಾನ ನೀರಿನ ಬಿಳಿ ಮೋಡ ಎಬ್ಬಿಸುತ್ತ ಇಳಿದು ಹೋಯಿತು. ಅದರ ಕಿಟಕಿಗಳ ಸಾಲು ಕಂಡಿತು. ಕೂದಲೆಳೆಯಲ್ಲಿ ಪಾರಾದೆವು ಅಂತ ಬರೆದರೆ ಸುಳ್ಳಾಗುತ್ತದೆ. ಇಂಥ ರನ್‌ವೇಗಳಲ್ಲಿ ಆ ಗೆರೆಗೂ ನಡುಗೆರೆಗೂ ಕನಿಷ್ಠ 90 ಮೀಟರ್ ಇಟ್ಟಿರುತ್ತಾರೆ, ನಮ್ಮಂಥವರಿಗಾಗಿಯೇ. ಆದರೂ ನನ್ನ ಮೊಣಕಾಲು ನಡುಗಿದ್ದು ನಿಜ.

ಅಷ್ಟರಲ್ಲಿ ಕ್ಯಾಬಿನ್‌ನಿಂದ ಫೋನ್. ವಿಮಾನ ನಿಂತಿತಲ್ಲ, ಅರ್ಧ ಜನ ಎದ್ದು ಬ್ಯಾಗ್ ಇಳಿಸಲು ಶುರು ಮಾಡಿದ್ದಾರಂತೆ.

ಜೀಪ್ ಬರಲು ಎಂಟು ನಿಮಿಷ ಹಿಡಿಯಿತು. ಆ ಎಂಟು ನಿಮಿಷ ನನ್ನ ತಲೆಯಲ್ಲಿದ್ದದ್ದು ಮಿಲಾನಿನ ಲಿನಾಟೆ. 2001ರ ಅಕ್ಟೋಬರ್ 8, ದಟ್ಟ ಮಂಜು. ಆರ್5 ಟ್ಯಾಕ್ಸಿವೇ ಹಿಡಿಯಬೇಕಿದ್ದ ಸಣ್ಣ ಸೆಸ್ನಾ ಜೆಟ್ ಆರ್6 ಹಿಡಿಯಿತು. ದಾರಿಯಲ್ಲಿ ನೆಲದ ಮೇಲೆ ಕಂಡ ‘ಎಸ್4’ ಎಂಬ ಗುರುತನ್ನು ಪೈಲಟ್ ರೇಡಿಯೋದಲ್ಲಿ ಹೇಳಿದ್ದರು. ಅಂಥ ಗುರುತು ಇದೆ ಅಂತಲೇ ಕಂಟ್ರೋಲರಿಗೆ ತಿಳಿದಿರಲಿಲ್ಲ. ಗ್ರೌಂಡ್ ರೇಡಾರ್ ಕೆಲಸ ಮಾಡುತ್ತಿರಲಿಲ್ಲ. ಏರುತ್ತಿದ್ದ ಪ್ರಯಾಣಿಕರ ವಿಮಾನಕ್ಕೆ ಆ ಜೆಟ್ ಅಡ್ಡ ಸಿಕ್ಕಿ 118 ಜನ ಸತ್ತರು. ಅದರ ಹಿಂದಿನ ವರ್ಷ ತೈಪೆಯಲ್ಲಿ, ತೂಫಾನಿನ ಮಳೆಯಲ್ಲಿ, ಕಾಮಗಾರಿಗಾಗಿ ಮುಚ್ಚಿದ್ದ ರನ್‌ವೇಯತ್ತ ತಿರುಗುವ ಹಸಿರು ದೀಪಗಳನ್ನು ಹಿಂಬಾಲಿಸಿ ಹೋದ ಜಂಬೋ ಜೆಟ್ ಅಲ್ಲಿಂದಲೇ ಟೇಕಾಫ್‌ಗೆ ಓಡಿತು. 83 ಸಾವು. ತರಗತಿಯಲ್ಲಿ ಇವನ್ನು ಕೇಳುವಾಗ, ಇಷ್ಟು ದೊಡ್ಡ ಬೋರ್ಡು ಕಾಣಲಿಲ್ಲವೇ ಅಂತ ಒಳಗೊಳಗೇ ಅಂದುಕೊಂಡವನು ನಾನು. ಆ ಅಹಂಕಾರ ಅವತ್ತು ಇಳಿಯಿತು. ಬೋರ್ಡು ಕಾಣಲಿಲ್ಲ ಅಂತಲ್ಲ, ಕಾಲಡಿಯಲ್ಲಿ ಒಂದು ಗೆರೆ ಸ್ಪಷ್ಟವಾಗಿ ಕರೆಯುತ್ತಿದ್ದರೆ ಬೋರ್ಡಿನ ಕಡೆ ನೋಡಬೇಕು ಅಂತಲೇ ಅನ್ನಿಸುವುದಿಲ್ಲ.

ಹಳದಿ ಜೀಪ್ ಬಂತು. ಡ್ರೈವರ್ ಮಳೆಕೋಟು ಹಾಕಿಕೊಂಡು ಕೆಳಗಿಳಿದು, ಟಾರ್ಚ್ ಹಿಡಿದು ನಮ್ಮ ಚಕ್ರ ಎಲ್ಲಿದೆ ಅಂತ ನೋಡಿ, ನಮ್ಮತ್ತ ಹೆಬ್ಬೆರಳು ಎತ್ತಿದ. ಅಲ್ಲೇ ತಿರುಗಲು ಜಾಗವಿತ್ತೋ ಇಲ್ಲವೋ ಎಂಬ ಚರ್ಚೆ ಒಂದಿಷ್ಟು ನಡೆದು, ಕೊನೆಗೆ ಎದುರಿನ ರನ್‌ವೇ ಖಾಲಿ ಮಾಡಿಸಿ, ಅಪ್ಪಣೆ ಕೊಟ್ಟು, ಅದನ್ನೇ ದಾಟಿಸಿದರು. ಸ್ಟ್ಯಾಂಡ್ ಸೇರಿದಾಗ ಹನ್ನೆರಡು ದಾಟಿತ್ತು.

ಮಾರನೇ ದಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಇಬ್ಬರೂ ವರದಿ ಬರೆದೆವು. ಗೆರೆ ದಾಟಿರಲಿಲ್ಲ, ಹಾಗಾಗಿ ಹಣೆಗೆ ದೊಡ್ಡ ಮುದ್ರೆಯೇನೂ ಬೀಳಲಿಲ್ಲ. ಆದರೆ ಬರೆಯದೆ ಬಿಟ್ಟಿದ್ದರೆ ಮರುರಾತ್ರಿ ಇನ್ಯಾರೋ ಅದೇ ಗೆರೆ ಹಿಡಿಯುತ್ತಿದ್ದರು. ಆಗಿದ್ದಿಷ್ಟು: ಬ್ರಾವೊದಿಂದ ಕೀಲೋಗೆ ತಿರುಗುವ ಹಳೆಯ ಗೆರೆಯನ್ನು ಕೆರೆದು ತೆಗೆದಿರಲಿಲ್ಲ, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಬಿಸಿಲಲ್ಲಿ ಅದು ಡಾಂಬರಿನಲ್ಲಿ ಬೆರೆತು ಹೋಗುತ್ತದೆ. ಮಳೆ ಬಿದ್ದು ಬೆಳಕು ತಾಗಿದರೆ ನುಣುಪು ಬಣ್ಣ ಕನ್ನಡಿಯಾಗುತ್ತದೆ. ಹೊಸ ಗೆರೆಯ ಕಥೆ ಉಲ್ಟಾ. ಅದರಲ್ಲಿ ಹೊಳಪಿಗಾಗಿ ಸಣ್ಣ ಗಾಜಿನ ಹರಳು ಉದುರಿಸಿರುತ್ತಾರೆ. ಹರಳಿನ ಮೇಲೆ ನೀರು ನಿಂತರೆ ಬೆಳಕು ತಿರುಗಿ ಕಣ್ಣಿಗೆ ಬರುವುದಿಲ್ಲ. ಅಂದರೆ ಇರಬೇಕಾದ ಗೆರೆ ಮುಳುಗಿ, ಸತ್ತ ಗೆರೆ ಎದ್ದು ಕೂತಿತ್ತು. ಬಣ್ಣ ಬಳಿದವರನ್ನು ಒಂದಷ್ಟು ಬೈದುಕೊಂಡೆ. ಆದರೆ ಆ ಹತ್ತು ಸೆಕೆಂಡ್ ತಲೆ ತಗ್ಗಿಸಿದ್ದವನು ನಾನೇ. ತಿರುವು ಹತ್ತಿರ ಬಂದಾಗ ಉಳಿದ ಕೆಲಸ ಕಾಯಬಹುದಿತ್ತು, ಫ್ಲಾಪ್‌ಗೇನು ಅವಸರ? ಈಗ ಕವಲು ಬಂದಾಗ ಕೈ ಮಡಿಲಲ್ಲಿಟ್ಟು ಬೋರ್ಡು ಓದುತ್ತೇನೆ, ಓದಿದ್ದನ್ನು ಜೋರಾಗಿ ಹೇಳುತ್ತೇನೆ. ಕೆಲವು ಕ್ಯಾಪ್ಟನ್‌ಗಳಿಗೆ ಕಿರಿಕಿರಿ ಆಗುತ್ತದೆ, ಆಗಲಿ.

ವರದಿ ಕಳಿಸಿ ಮನೆಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದೆ. ಗಾಜಿನ ಹರಳು, ಕಪ್ಪು ಬಣ್ಣದ ಪುರಾಣವನ್ನೆಲ್ಲ ಅವರು ಹ್ಞೂಂ ಹ್ಞೂಂ ಅಂತ ಕೇಳಿದರು. ಹೋಲ್ಡಾನ್ ಅಂದದ್ದು ಹೇಳಿದಾಗ ಮಾತ್ರ ಗೊಳ್ಳೆಂದು ನಕ್ಕರು. ಕೆಮ್ಮು ಬರುವಷ್ಟು ನಕ್ಕು, ಸುಧಾರಿಸಿಕೊಂಡು ಕೇಳಿದರು:

“ಅದ್ಸರಿ ಮಗಾ, ಆಮೇಲೆ ರೈಟ್ ರೈಟ್ ಅಂದೋರ್ಯಾರು?”