ಇಫ್ ಒಳಗಿಟ್ಟ ಮಾತ್ರಕ್ಕೆ ಕೋಡ್ ಹೊರಗುಳಿಯುವುದಿಲ್ಲ

ಸಿ ಭಾಷೆಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ ಪೈಥಾನ್‌ಗೆ ಬಂದ ನನಗೆ ಮೊದಲು ಕೊರತೆಯೆನಿಸಿದ್ದು ಪ್ರಿಪ್ರೊಸೆಸರ್, ಎಂದರೆ ಕೋಡನ್ನು ಕಂಪೈಲರ್‌ಗೆ ಕೊಡುವ ಮುನ್ನ ಸಿದ್ಧಪಡಿಸುವ ಸಾಧನ. ಸಿ ಭಾಷೆಯಲ್ಲಿ ‘#ಇಫ್‌ಡೆಫ್’ ಮತ್ತು ‘#ಎಂಡ್‌ಇಫ್’ಗಳ ನಡುವಿನ ಸಾಲುಗಳು, ಷರತ್ತು ಸುಳ್ಳಾದರೆ, ಕಂಪೈಲರ್‌ನ ಕಣ್ಣಿಗೆ ಬೀಳುವ ಮೊದಲೇ ಕಳಚಿಹೋಗುತ್ತವೆ, ಆದ್ದರಿಂದ ಆ ಕಂಪೈಲರ್‌ಗೆ ಅರ್ಥವಾಗದ ವಾಕ್ಯ ಅಲ್ಲಿದ್ದರೂ ಬಾಧಕವಿಲ್ಲ. ಪೈಥಾನ್‌ನಲ್ಲಿ ಸಾಮಾನ್ಯ ಇಫ್ ಅದೇ ಕೆಲಸ ಮಾಡೀತೆಂದು ನಾನು ನಂಬಿದ್ದೆ.

ಆ ನಂಬಿಕೆ ಸುಳ್ಳಾದದ್ದು ಒಂದು ಪುಟ್ಟ ಸ್ಕ್ರಿಪ್ಟ್‌ನಿಂದ. 2021ರಲ್ಲಿ ಬಂದ ಪೈಥಾನ್ 3.10ರ ಮ್ಯಾಚ್-ಕೇಸ್ ರಚನೆಯನ್ನು (ಬೆಲೆಯೊಂದನ್ನು ಹಲವು ನಮೂನೆಗಳೊಂದಿಗೆ ಹೋಲಿಸುವ ವಾಕ್ಯ) ಬಳಸಿ, ಹಳೆಯ ಆವೃತ್ತಿಗಳಿಗೆಂದು ಎಲ್ಸ್ ಭಾಗದಲ್ಲಿ ಇಫ್-ಎಲಿಫ್ ಸರಪಳಿಯನ್ನು ಉಳಿಸಿಕೊಂಡು, ಅವೆರಡರ ಮೇಲೆ ಆವೃತ್ತಿಯನ್ನು ಪರೀಕ್ಷಿಸುವ ಇಫ್ ಒಂದನ್ನು ಜೋಪಾನವಾಗಿ ಬರೆದಿದ್ದೆ. 3.8 ಇದ್ದ ಯಂತ್ರದಲ್ಲಿ ಅದನ್ನು ಚಲಾಯಿಸಿದಾಗ ಎಲ್ಸ್ ಭಾಗಕ್ಕೆ ಹೋಗುವ ಮಾತಿರಲಿ, ಕಡತದ ಮೊದಲ ಸಾಲಿನಲ್ಲಿದ್ದ ಪ್ರಿಂಟ್ ಕೂಡ ಏನನ್ನೂ ತೋರಿಸಲಿಲ್ಲ. ಮ್ಯಾಚ್ ಇದ್ದ ಸಾಲಿನತ್ತ ಬೊಟ್ಟುಮಾಡುವ ಸಿಂಟ್ಯಾಕ್ಸ್ ಎರರ್ ಮಾತ್ರ ಬಂತು.

ಆ ಪ್ರಿಂಟ್ ನಡೆಯದೇ ಹೋದದ್ದರಲ್ಲೇ ಉತ್ತರವಿತ್ತು. ಪೈಥಾನ್ ಒಂದೊಂದೇ ಸಾಲನ್ನು ಓದುತ್ತ ಅಲ್ಲಲ್ಲೇ ನಡೆಸುತ್ತ ಹೋಗುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಆದರೆ ಅದು ಇಡೀ ಕಡತವನ್ನು ಮೊದಲು ಓದಿ, ವ್ಯಾಕರಣವನ್ನು ಪರಿಶೀಲಿಸಿ, ಬೈಟ್‌ಕೋಡ್ ಎಂಬ ಮಧ್ಯಂತರ ರೂಪವನ್ನು ಸಿದ್ಧಪಡಿಸಿಕೊಂಡು, ಅನಂತರವಷ್ಟೇ ಮೊದಲ ಸಾಲಿಗೆ ಕೈಹಾಕುತ್ತದೆ. ಯಾವ ಭಾಗ ನಡೆಯಬೇಕೆಂಬುದನ್ನು ಇಫ್ ನಿರ್ಧರಿಸಬಲ್ಲದು, ಆದರೆ ಅದು ನಿರ್ಧರಿಸುವ ಹೊತ್ತಿಗೆ ಎಲ್ಲವನ್ನೂ ಓದಿ ಆಗಿರುತ್ತದೆ.

ಹೀಗಾಗಿ ಹೊಸ ವ್ಯಾಕರಣವನ್ನು ಹಳೆಯ ಇಂಟರ್‌ಪ್ರಿಟರ್‌ನಿಂದ ದೂರವಿಡಲು ನಾನು ನೆಚ್ಚಿಕೊಂಡಿರುವ ದಾರಿ ಕಡತವನ್ನೇ ಬೇರ್ಪಡಿಸುವುದು. ಮ್ಯಾಚ್ ಇರುವ ಫಂಕ್ಷನ್ ಅನ್ನು ಬೇರೊಂದು ಮಾಡ್ಯೂಲ್‌ಗೆ ಸಾಗಿಸಿ, ಇಫ್ ಒಳಗೆ ಇಂಪೋರ್ಟ್ ವಾಕ್ಯವನ್ನಷ್ಟೇ ಇಟ್ಟರೆ, ಷರತ್ತು ಸುಳ್ಳಾದಾಗ ಆ ಕಡತವನ್ನು ಯಾರೂ ತೆರೆಯುವುದಿಲ್ಲ. ಪರ್ಲ್‌ನಲ್ಲಿ ಇದೇ ಉಪಾಯ ಕೈಕೊಡುತ್ತದೆ: ಮಾಡ್ಯೂಲ್ ತರುವ ಅಲ್ಲಿನ ‘ಯೂಸ್’ ವಾಕ್ಯ ಕಂಪೈಲ್ ಹಂತದಲ್ಲೇ ನಡೆಯುವುದರಿಂದ, ಇಫ್ ಒಳಗಿದ್ದರೂ ಮಾಡ್ಯೂಲ್ ಬಂದೇ ಬರುತ್ತದೆ, ಅದಕ್ಕೆ ‘ಯೂಸ್ ಇಫ್’ ಅಥವಾ ‘ರಿಕ್ವೈರ್’ ಬೇಕು.

ಹಾಗೆಂದು ಪೈಥಾನ್‌ನಲ್ಲಿ ಕೋಡ್ ನಿಜವಾಗಿ ಕಳಚಿಹೋಗುವ ಸಂದರ್ಭವೇ ಇಲ್ಲವೆಂದಲ್ಲ. ದೊಡ್ಡಕ್ಷರದ ‘-ಓ’ ಆಯ್ಕೆಯೊಂದಿಗೆ ಚಲಾಯಿಸಿದರೆ ‘ಇಫ್ __ಡೀಬಗ್__’ ಅಡಿಯ ಸಾಲುಗಳೂ ಎಲ್ಲ ಅಸರ್ಟ್‌ಗಳೂ (ಷರತ್ತು ನಿಜವೇ ಎಂದು ನೋಡಿ, ಅಲ್ಲದಿದ್ದರೆ ದೋಷ ತೋರಿಸುವ ವಾಕ್ಯಗಳು) ಬೈಟ್‌ಕೋಡ್‌ನಲ್ಲಿ ಉಳಿಯುವುದಿಲ್ಲ, ವ್ಯಾಕರಣದ ಪರಿಶೀಲನೆ ಮಾತ್ರ ಅವುಗಳಿಗೂ ತಪ್ಪುವುದಿಲ್ಲ. ಅಸರ್ಟ್‌ಗಳು ಹೀಗೆ ಕಳಚಿಹೋಗುತ್ತವೆಂಬುದು ನನಗೆ ಮನದಟ್ಟಾಗಲು ಒಂದು ಇಡೀ ಸಂಜೆ ಹಿಡಿಯಿತು. ಪಟ್ಟಿ ಬರಿದಾಗುವವರೆಗೆ ಸುತ್ತುವ ವೈಲ್ ಲೂಪ್‌ನಲ್ಲಿ, ಕೊನೆಯ ಅಂಶವನ್ನು ತೆಗೆಯುವ ಪಾಪ್ ಕರೆಯನ್ನು ಅಸರ್ಟ್‌ನ ಒಳಗೇ ಬರೆದು, ಬಂದ ಬೆಲೆಯನ್ನು ಅಲ್ಲೇ ಹೋಲಿಸಿದ್ದೆ. ನನ್ನ ಯಂತ್ರದಲ್ಲಿ ಎಲ್ಲವೂ ಸರಿಯಿತ್ತು. ‘-ಓ’ ಸೇರಿಸಿದ ಕಡೆ ಅಸರ್ಟ್‌ನೊಂದಿಗೆ ಪಾಪ್ ಕೂಡ ಹೋಗಿ, ಪಟ್ಟಿ ಎಂದಿಗೂ ಬರಿದಾಗದೆ, ಯಾವ ದೋಷ ಸಂದೇಶವೂ ಇಲ್ಲದೆ ಲೂಪ್ ಸುತ್ತುತ್ತಲೇ ಇತ್ತು. ಈಗ ಪಾಪ್ ತನ್ನದೇ ಸಾಲಿನಲ್ಲಿದೆ, ಅಸರ್ಟ್ ಅದರ ಕೆಳಗೆ ನಿಂತು ಬಂದ ಬೆಲೆಯನ್ನು ನೋಡುತ್ತದೆ, ಮತ್ತು ಪರೀಕ್ಷೆಗಳನ್ನು ನಾನು ‘-ಓ’ ಇಲ್ಲದೆ ಒಮ್ಮೆ, ಇಟ್ಟುಕೊಂಡು ಇನ್ನೊಮ್ಮೆ ನಡೆಸುತ್ತೇನೆ.