ಎಲೆ ಕತ್ತರಿಸಬೇಡಿ ಮಾರಾಯ್ರೇ

ಅಮರಿಲ್ಲಿಸ್ ಹೂಗಿಡದ ಗೆಡ್ಡೆಯನ್ನು ಪೂರ್ತಿ ಹೂತುಬಿಡೋದೇ ಮೊದಲ ತಪ್ಪು. ಕುತ್ತಿಗೆ (ಎಲೆ ಹೊರಡುವ ಮೇಲ್ತುದಿ) ಸಮೇತ ಮೂರನೇ ಒಂದು ಭಾಗ ಮಣ್ಣಿನ ಮೇಲಿರಬೇಕು. ಇಲ್ಲದಿದ್ರೆ ಪದರಗಳ ಸಂದಿಯಲ್ಲಿ ನೀರು ನಿಂತು ಕೊಳೆಯುತ್ತೆ. ಕುಂಡ ಇಕ್ಕಟ್ಟಾಗೇ ಇರಲಿ, ಗೆಡ್ಡೆಯ ಸುತ್ತ ಎರಡು ಬೆರಳು ಜಾಗ ಸಾಕು. ನೆಟ್ಟಾಗ ಒಮ್ಮೆ ನೀರು. ಆಮೇಲೆ ಮೊಳಕೆ ಇಣುಕುವವರೆಗೆ ಕೈ ಬಿಗಿಹಿಡಿಯಿರಿ.

ಹೂ ಬಾಡಿದ ಮೇಲೆ ಟೊಳ್ಳು ದಂಟನ್ನಷ್ಟೇ ಕತ್ತರಿಸಿ, ಎಲೆ ಮುಟ್ಟಬೇಡಿ. ಸುಮಾರು ನಾಲ್ಕು ಎಲೆಗೊಂದರಂತೆ ಮುಂದಿನ ಮೊಗ್ಗು ಗೆಡ್ಡೆಯೊಳಗೇ ಕಟ್ಟುತ್ತಿರುತ್ತೆ. 'ಬರೀ ಎಲೆ, ಹೂವೇ ಇಲ್ಲ' ಅನ್ನೋ ಗಿಡಕ್ಕೆ ಹೆಚ್ಚಾಗಿ ಹಿಂದಿನ ವರ್ಷ ಬಿಸಿಲು ಸಾಲದೆ ಹೋಗಿರುತ್ತೆ. ನಮ್ಮ ಕಣ್ಣು ಈ ವರ್ಷದ ಹೂವಿನ ಮೇಲೆ, ಗೆಡ್ಡೆಯ ಲೆಕ್ಕ ಆಗಲೇ ಮುಂದಿನದ್ದರ ಮೇಲೆ!

ಎಲೆ ತಾನಾಗಿ ಹಳದಿಯಾದರೆ ನೀರು ನಿಲ್ಲಿಸಿ, ಗೆಡ್ಡೆಯನ್ನು 8-10 ವಾರ ತಂಪು ನೆರಳಲ್ಲಿ ಒಣಗಿಸಿಡಿ.